ಆಟಿ ಅಮಾವಾಸ್ಯೆಯಿಂದ 22 ದಿನ: ಜಲೋದರವಾಗಿ ಬಂದ ಒಂದು ಬರ್ಕಿಟ್ ಲಿಂಫೋಮಾ

ಬಂಟ್ವಾಳ ತಾಲ್ಲೂಕಿನ 54 ವರ್ಷದ ಆ ತಾಯಿಯನ್ನು ಮಗಳು ಮಂಗಳೂರಿನ ನಮ್ಮ ಆಸ್ಪತ್ರೆಗೆ ಕರೆತಂದದ್ದು ಕೃಷ್ಣಾಷ್ಟಮಿಯ ಹಿಂದಿನ ಸಂಜೆ. ಬಿ.ಸಿ. ರೋಡಿನಿಂದ ಬಸ್ಸಿನಲ್ಲಿ ಬರುವಾಗ ಎರಡು ಸಲ ವಾಂತಿಯಾಗಿತ್ತು. ಮಗಳ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಸ್ಕ್ಯಾನಿಂಗ್ ವರದಿ, ನಾಲ್ಕಾರು ರಕ್ತಪರೀಕ್ಷೆಯ ಹಾಳೆಗಳು, ಕ್ಷಯದ ಮಾತ್ರೆಗಳು. ಹೊಟ್ಟೆಯ ಕ್ಷಯಕ್ಕೆ ಔಷಧಿ ಶುರುವಾಗಿ ಆರು ದಿನ, ಮಾತ್ರೆ ಹಿಡಿಸದೆ ವಾಂತಿ ಎಂದು ತುರ್ತು ವಿಭಾಗದ ಚೀಟಿಯಲ್ಲಿ ಬರೆದಿತ್ತು. ನಾನು ಅದನ್ನು ಓದಿದೆ, ನಂಬಿದೆ. ಆ ರಾತ್ರಿಯ ಕೇಸ್ ಶೀಟಿನಲ್ಲಿ ನನ್ನದೇ ಕೈಬರಹದಲ್ಲಿ ‘ಕ್ಷಯದ ಚಿಕಿತ್ಸೆ ಮುಂದುವರಿಯಲಿ’ ಎಂದಿದೆ. ಅದನ್ನು ಮರುದಿನ ಬೆಳಗ್ಗೆ ಹೊಡೆದುಹಾಕಿದೆ. ನಡುವೆ ಏನಾಯಿತು ಎಂಬುದನ್ನು ಬರೆದಿಡಬೇಕು ಎನ್ನಿಸಿದ್ದರಿಂದ, ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬಿಟ್ಟು, ಜಲೋದರದ (ಹೊಟ್ಟೆಯಲ್ಲಿ ನೀರು ತುಂಬುವ ತೊಂದರೆಯ) ವೇಷದಲ್ಲಿ ಬಂದ ಲಿಂಫೋಮಾ ಎಂಬ ಬಿಳಿರಕ್ತಕಣಗಳ ಕ್ಯಾನ್ಸರಿನ ಈ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಬೆಳಗ್ಗೆ ರೌಂಡ್ಸಿಗೆ ಹೋದಾಗ ಆಕೆ ಎದ್ದು ಕುಳಿತಿದ್ದರು. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ‘ಸುಮಾರು ದಿನವಾಯಿತು’ ಎಂಬ ಉತ್ತರ ಬರುತ್ತದೆ ಎಂದುಕೊಂಡಿದ್ದೆ. ಆದರೆ ಆಕೆಗೆ ದಿನದ ಲೆಕ್ಕ ಸ್ಪಷ್ಟವಾಗಿತ್ತು.

“ಆಟಿ ಅಮಾವಾಸ್ಯೆಯ ದಿನ ನಾನು ಸರಿಯಾಗಿಯೇ ಇದ್ದೆ ಡಾಕ್ಟರೇ. ಹಾಲೆ ಮರದ ಕಷಾಯ ಕುಡಿದು, ಮೆಂತೆ ಗಂಜಿ ಉಂಡು, ಆ ದಿನವೂ ಬೀಡಿ ಕಟ್ಟಿದ್ದೇನೆ. ನಾಲ್ಕು ದಿನ ಕಳೆದ ಮೇಲೆ ಹೊಟ್ಟೆ ಉಬ್ಬರ ಶುರುವಾಯಿತು. ಕಷಾಯದ ಉಷ್ಣ ಎಂದುಕೊಂಡೆ.”

ತುಳು ತಿಂಗಳಾದ ಆಟಿಯ ಅಮಾವಾಸ್ಯೆಯ ಬೆಳಗ್ಗೆ ಬರಿಹೊಟ್ಟೆಯಲ್ಲಿ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವುದು ತುಳುನಾಡಿನ ಮನೆಮನೆಯ ವಾಡಿಕೆ. ಅದರ ಉಷ್ಣ ಇಳಿಯಲೆಂದು ಮೆಂತೆ ಗಂಜಿ. ಹೊಟ್ಟೆಯ ತೊಂದರೆಗೆ ಆ ಕಷಾಯ ಕಾರಣವಾಗಿರಲಿಲ್ಲ. ಆದರೆ ಅದು ಪಂಚಾಂಗದಲ್ಲಿ ಗುರುತು ಹಾಕಿದಂತೆ ಒಂದು ದಿನವನ್ನು ಕೊಟ್ಟಿತು. ಆ ಅಮಾವಾಸ್ಯೆಯಿಂದ ಆಸ್ಪತ್ರೆಗೆ ಸೇರಿದ ಸಂಜೆಯವರೆಗೆ 22 ದಿನ.

ಪರೀಕ್ಷಿಸಲೆಂದು ಸೀರೆಯ ನೆರಿಗೆ ಸಡಿಲಿಸಿದಾಗ ಲಂಗದ ಲಾಡಿ ಕಣ್ಣಿಗೆ ಬಿತ್ತು. ಬಿಳಿಯ ಲಾಡಿಯಲ್ಲಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಗಂಟು ಬಿದ್ದು ಕಪ್ಪಾದ ಒಂದು ಮಡಿಕೆ. ಅಲ್ಲಿಂದ ಎರಡು ಬೆರಳು ಆಚೆಗೆ ಹೊಸದೊಂದು ಸುಕ್ಕು, ಇನ್ನೂ ಮೂರು ಬೆರಳು ಆಚೆಗೆ ಮತ್ತೊಂದು. ಕೊನೆಗೆ ಲಾಡಿಯೇ ಸಾಲದೆ, ಹಳೆಯ ಸೀರೆಯ ಅಂಚಿನ ತುಂಡೊಂದನ್ನು ಜೋಡಿಸಿ ಕಟ್ಟಿದ್ದರು. “ಇದನ್ನು ಯಾವಾಗ ಜೋಡಿಸಿದಿರಿ ಅಮ್ಮ?” ಎಂದೆ. “ಮೊನ್ನೆ ಸೋಮವಾರ. ಅದಕ್ಕಿಂತ ಮೊದಲೇ ತಡ್ಪೆ ಮಡಿಲಲ್ಲಿ ಕೂರುತ್ತಿರಲಿಲ್ಲ, ಜಾರಿ ಮುಂದೆ ಹೋಗುತ್ತಿತ್ತು” ಎಂದರು. ತಡ್ಪೆ ಎಂದರೆ ಬೀಡಿ ಕಟ್ಟುವವರು ಎಲೆ, ಹೊಗೆಸೊಪ್ಪು, ನೂಲು ಇಟ್ಟುಕೊಂಡು ಮಡಿಲಲ್ಲಿ ಹಿಡಿಯುವ ಗೆರಸೆ. 30 ವರ್ಷ ಮಡಿಲಲ್ಲಿ ಕುಳಿತಿದ್ದ ಗೆರಸೆಗೆ ಹತ್ತು ದಿನಗಳಲ್ಲಿ ಜಾಗ ಇಲ್ಲವಾಗಿತ್ತು.

ಹೊಟ್ಟೆಯ ಕ್ಷಯ ಇಷ್ಟು ಅವಸರ ಮಾಡುವುದಿಲ್ಲ. ಅದು ವಾರಗಳಲ್ಲಿ, ಹೆಚ್ಚಾಗಿ ತಿಂಗಳುಗಳಲ್ಲಿ ಬೆಳೆಯುವ ಕಾಯಿಲೆ. ಸಂಜೆಯ ಜ್ವರ, ಇಳಿಯುವ ತೂಕ, ಆಗಾಗ ಬರುವ ಹೊಟ್ಟೆನೋವು, ಮೆಲ್ಲಗೆ ತುಂಬುವ ನೀರು ಅದರ ನಡೆ. ಅಂಡಾಶಯದ ಕ್ಯಾನ್ಸರ್ ಕೂಡ ಸಾಮಾನ್ಯವಾಗಿ ದಿನದಿನಕ್ಕೆ ಲಾಡಿ ಬದಲಿಸುವಂತೆ ಮಾಡುವುದಿಲ್ಲ. ಕಾಯಿಲೆಯ ವೇಗವನ್ನು ನಾವು ವೈದ್ಯರು ಕೇಸ್ ಶೀಟಿನ ಮೊದಲ ಸಾಲಿನಲ್ಲಿ ಬರೆದು, ಆಮೇಲೆ ಮರೆತುಬಿಡುತ್ತೇವೆ. ಈ ಪ್ರಕರಣದಲ್ಲಿ ಎಲ್ಲ ಪರೀಕ್ಷೆಗಳಿಗಿಂತ ಮೊದಲು ಸತ್ಯ ಹೇಳಿದ್ದು ಆ ವೇಗವೇ.

ಹಿಂದೆ ನಡೆದದ್ದನ್ನು ಮಗಳ ಕವರಿನಿಂದ ಜೋಡಿಸಿಕೊಂಡೆ. ಅಮಾವಾಸ್ಯೆಯಿಂದ ಎಂಟನೆಯ ದಿನ ಊರಿನ ಕ್ಲಿನಿಕ್ಕಿನಲ್ಲಿ ಗ್ಯಾಸಿನ ಮಾತ್ರೆ. 13ನೆಯ ದಿನ ಅಲ್ಟ್ರಾಸೌಂಡ್. ಹೊಟ್ಟೆಯಲ್ಲಿ ನೀರು, ಕರುಳಿನ ಮುಂದೆ ಏಪ್ರನ್ನಿನಂತೆ ಇಳಿಬಿದ್ದಿರುವ ಒಮೆಂಟಮ್ ಪದರ ದಪ್ಪಗಾಗಿದೆ, ಎರಡೂ ಅಂಡಾಶಯಗಳು ಊದಿವೆ. ಸಿ.ಎ.-125 ಎಂಬ ರಕ್ತಪರೀಕ್ಷೆಯಲ್ಲಿ 612. ಇದು 35ರ ಒಳಗಿರಬೇಕು. ಒಬ್ಬ ವೈದ್ಯರು ಅಂಡಾಶಯದ ಕ್ಯಾನ್ಸರ್ ಇರಬೇಕು, ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದೀತು ಎಂದರು. ಮನೆಯವರು ಹೆದರಿ ಇನ್ನೊಬ್ಬರ ಬಳಿಗೆ ಹೋದರು. ಅಲ್ಲಿ ಹೊಟ್ಟೆಯ ನೀರು ತೆಗೆದು ಪರೀಕ್ಷಿಸಿದಾಗ ಲಿಂಫೋಸೈಟುಗಳೆಂಬ ಬಿಳಿರಕ್ತಕಣಗಳು ತುಂಬಿದ್ದವು, ಎ.ಡಿ.ಎ. 71 ಬಂತು. 39ಕ್ಕಿಂತ ಹೆಚ್ಚಿದ್ದರೆ ಕ್ಷಯವನ್ನು ಬಲವಾಗಿ ಶಂಕಿಸುವುದು ರೂಢಿ. ಕ್ಷಯ ಎಂದಾಗ ಮನೆಯವರಿಗೆ ಸಮಾಧಾನವೇ ಆಯಿತು. ಆರು ತಿಂಗಳು ಮಾತ್ರೆ ತಿಂದರೆ ವಾಸಿಯಾಗುವ ಕಾಯಿಲೆಯಲ್ಲವೇ?

ಆ ಇಬ್ಬರು ವೈದ್ಯರನ್ನು ದೂರುವ ಮನಸ್ಸು ನನಗಿಲ್ಲ. ಇಬ್ಬರ ಕೈಯಲ್ಲೂ ಇದ್ದ ಅಂಕಿ ಸರಿಯಾಗಿಯೇ ಇತ್ತು. ಆ ಅಂಕಿ ಯಾವುದರ ಬಗ್ಗೆ ಮಾತನಾಡುತ್ತಿದೆ ಎಂಬಲ್ಲಿ ಎಡವಟ್ಟಾಯಿತು.

ಸಿ.ಎ.-125 ಅಂಡಾಶಯ ಮಾತ್ರ ಸ್ರವಿಸುವ ವಸ್ತುವಲ್ಲ. ಹೊಟ್ಟೆಯ ಒಳಗೋಡೆಗೆ ಹೊದಿಸಿದ ತೆಳುವಾದ ಉದರಪೊರೆಯ ಜೀವಕೋಶಗಳೂ ಅದನ್ನು ತಯಾರಿಸುತ್ತವೆ. ಆ ಪೊರೆ ಕೆರಳಿದರೆ ಸಾಕು, ಅಂಕಿ ಏರುತ್ತದೆ. ಕ್ಷಯದಲ್ಲಿ ಏರುತ್ತದೆ, ಲಿವರ್ ಸಿರೋಸಿಸ್‌ನ ಜಲೋದರದಲ್ಲಿ ಏರುತ್ತದೆ, ಹೃದಯ ಸೋತು ನೀರು ತುಂಬಿದಾಗಲೂ ಏರುತ್ತದೆ. ಎ.ಡಿ.ಎ. ಎಂಬುದು ಲಿಂಫೋಸೈಟುಗಳಲ್ಲಿ ಹೇರಳವಾಗಿರುವ ಒಂದು ಕಿಣ್ವ. ಕ್ಷಯದ ವಿರುದ್ಧ ಹೋರಾಡಲು ಲಿಂಫೋಸೈಟುಗಳು ಸೇರಿದಾಗ ಅದು ಹೆಚ್ಚುತ್ತದೆ, ಸರಿ. ಆದರೆ ಲಿಂಫೋಸೈಟುಗಳೇ ಕ್ಯಾನ್ಸರ್ ಆದಾಗ? ಆಗಲೂ ಹೆಚ್ಚುತ್ತದೆ. ಕ್ಷಯ ಮನೆಮಾತಾಗಿರುವ ನಮ್ಮ ದೇಶದಲ್ಲಿ ಈ ಒಂದು ಮಾತನ್ನು ಎ.ಡಿ.ಎ. ವರದಿಯ ಕೆಳಗೆ ಅಚ್ಚು ಹಾಕಿಸಬೇಕು ಎಂದು ನನಗೆ ಅನೇಕ ಸಲ ಅನ್ನಿಸಿದೆ. ನೀರಿನಲ್ಲಿ ಕ್ಷಯದ ರೋಗಾಣುವಿನ ಜೀನ್ ಪರೀಕ್ಷೆಯೂ ನಡೆದಿತ್ತು, ಸಿಕ್ಕಿರಲಿಲ್ಲ. ಹೊಟ್ಟೆಯ ನೀರಿನಲ್ಲಿ ರೋಗಾಣು ಬಹಳ ವಿರಳವಾಗಿರುವುದರಿಂದ ಆ ಪರೀಕ್ಷೆ ಋಣಾತ್ಮಕ ಬಂದರೂ ಕ್ಷಯವನ್ನು ತಳ್ಳಿಹಾಕಲಾಗದು. ಹಾಗಾಗಿ ಅದು ಯಾರ ಕಡೆಗೂ ಸಾಕ್ಷಿ ಹೇಳಲಿಲ್ಲ.

ಆ ಬೆಳಗ್ಗೆ ಕಳಿಸಿದ ರಕ್ತದಲ್ಲಿ ಎಲ್.ಡಿ.ಎಚ್. ಎಂಬ ಕಿಣ್ವ 2,840 ಬಂತು. 250ರ ಆಸುಪಾಸಿನಲ್ಲಿರಬೇಕಾದ ಅಂಕಿ. ಯೂರಿಕ್ ಆಮ್ಲ 11.2, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ 1.6, ಎರಡೂ ಇರಬೇಕಾದುದಕ್ಕಿಂತ ಹೆಚ್ಚು. ಕಿರಿಯ ವೈದ್ಯರೊಬ್ಬರು, ಸರಿಯಾಗಿಯೇ, “ಪೈರಜಿನಮೈಡ್ ಮಾತ್ರೆಯಿಂದಲೂ ಯೂರಿಕ್ ಆಮ್ಲ ಏರುತ್ತದಲ್ಲವೇ ಸರ್?” ಎಂದರು. ನಿಜ, ಕ್ಷಯದ ನಾಲ್ಕು ಔಷಧಿಗಳಲ್ಲಿ ಅದಕ್ಕೆ ಆ ಗುಣ ಹೆಚ್ಚು. ನಾವು ಕವರನ್ನು ಮತ್ತೆ ಬಿಚ್ಚಿ ಹುಡುಕಿದೆವು. ಮಾತ್ರೆ ಶುರುವಾಗುವ ಮೂರು ದಿನ ಮೊದಲಿನ ಹಾಳೆಯೊಂದರ ಕೊನೆಯ ಸಾಲಿನಲ್ಲಿ ಯೂರಿಕ್ ಆಮ್ಲ 9.1 ಎಂದಿತ್ತು. ಯಾರೂ ಗಮನಿಸಿರಲಿಲ್ಲ. ಔಷಧಿಗೂ ಮೊದಲೇ ಒಳಗೆ ಎಲ್ಲೋ ಜೀವಕೋಶಗಳು ರಾಶಿರಾಶಿಯಾಗಿ ಹುಟ್ಟಿ ಸಾಯುತ್ತಿದ್ದವು. ಸತ್ತ ಜೀವಕೋಶದ ಡಿ.ಎನ್.ಎ. ಕೊನೆಗೆ ಯೂರಿಕ್ ಆಮ್ಲವಾಗುತ್ತದೆ, ಅದರೊಳಗಿನ ಎಲ್.ಡಿ.ಎಚ್. ರಕ್ತಕ್ಕೆ ಸೋರುತ್ತದೆ.

ಮಧ್ಯಾಹ್ನದ ಸಿ.ಟಿ. ಸ್ಕ್ಯಾನ್ ಅನುಮಾನವನ್ನು ಗಟ್ಟಿ ಮಾಡಿತು. ಒಮೆಂಟಮ್ ದಪ್ಪನೆಯ ಹಲಗೆಯಂತಾಗಿತ್ತು. ಸಣ್ಣ ಕರುಳಿನ ಕೊನೆಯ ಭಾಗದ ಗೋಡೆ ಎರಡು ಸೆಂಟಿಮೀಟರಿನಷ್ಟು ಊದಿಕೊಂಡಿದ್ದರೂ ಒಳದಾರಿ ಮುಚ್ಚಿರಲಿಲ್ಲ, ಬದಲಾಗಿ ಅಗಲವಾಗಿತ್ತು. ಕರುಳಿನ ಮಡಿಕೆಗಳಲ್ಲಿ ಊದಿದ ದುಗ್ಧಗ್ರಂಥಿಗಳು ರಕ್ತನಾಳಗಳನ್ನು ಎರಡೂ ಬದಿಯಿಂದ ಅಪ್ಪಿಕೊಂಡಿದ್ದವು, ಆದರೆ ನಾಳಗಳು ಹಿಸುಕಿಹೋಗಿರಲಿಲ್ಲ. ಕ್ಷಯದ ಗ್ರಂಥಿಗಳ ನಡುಭಾಗ ಸಾಮಾನ್ಯವಾಗಿ ಕೊಳೆತು ಕಪ್ಪಾಗಿ, ಅಂಚು ಮಾತ್ರ ಹೊಳೆಯುತ್ತದೆ. ಇಲ್ಲಿ ಗ್ರಂಥಿಗಳು ಒಳಗೂ ಹೊರಗೂ ಒಂದೇ ಬಣ್ಣ. ಲಿಂಫೋಮಾ ಮೆತ್ತನೆಯ ಗೆಡ್ಡೆ. ಬೇರೆ ಕ್ಯಾನ್ಸರುಗಳಂತೆ ನಾರು ಬೆಳೆಸಿ ಕರುಳನ್ನು ಬಿಗಿಯುವುದಿಲ್ಲ, ಗೋಡೆಯ ಸ್ನಾಯುವನ್ನೇ ತಿಂದು ಸಡಿಲ ಮಾಡುತ್ತದೆ. ಆದ್ದರಿಂದಲೇ ಅದು ಕರುಳನ್ನು ಕಟ್ಟದೆ ಬಹಳ ದಿನ ಅಡಗಿರಬಲ್ಲದು.

ಹೊಟ್ಟೆಯ ಲಿಂಫೋಮಾಕ್ಕೆ ಇದೊಂದೇ ವೇಷವಲ್ಲ. ಕರುಳಿನ ಒಂದು ತುಂಡು ಮುಂದಿನ ತುಂಡಿನೊಳಗೆ ನುಗ್ಗಿ ಸಿಕ್ಕಿಕೊಳ್ಳುವ ತೊಂದರೆ ಮಕ್ಕಳಲ್ಲಿ ಕಾರಣವಿಲ್ಲದೆಯೂ ಬರುತ್ತದೆ. ದೊಡ್ಡವರಲ್ಲಿ ಬಂದರೆ ಎಳೆದೊಯ್ಯುವ ಗೆಡ್ಡೆ ಮುಂಚೂಣಿಯಲ್ಲಿ ಇದ್ದೇ ಇದೆ ಎಂದು ಭಾವಿಸಿ ಹುಡುಕಬೇಕು, ಆ ಗೆಡ್ಡೆ ಕೆಲವೊಮ್ಮೆ ಲಿಂಫೋಮಾ. ಅಪೆಂಡಿಸೈಟಿಸ್ ಎಂದು ತೆರೆದ ಹೊಟ್ಟೆಯಲ್ಲಿ, ಪಿತ್ತನಾಳ ಒತ್ತಿಹೋಗಿ ಬಂದ ಕಾಮಾಲೆಯಲ್ಲಿ, ಇದ್ದಕ್ಕಿದ್ದಂತೆ ತೂತಾದ ಕರುಳಿನಲ್ಲಿಯೂ ಅದು ಸಿಗುತ್ತದೆ.

ಆ ಹೊತ್ತಿಗೆ ವಾಂತಿ ಹೆಚ್ಚಾಗಿ, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡಿನ ಒಂದು ಸೂಜಿ ಹಾಕೋಣವೇ ಎಂಬ ಪ್ರಶ್ನೆ ಬಂತು. ವಾಂತಿಗೆ ಅದು ಒಳ್ಳೆಯ ಮದ್ದು. ಬೇಡ ಎಂದೆ. ಸ್ಟೀರಾಯ್ಡ್ ಬಿದ್ದರೆ ಲಿಂಫೋಮಾ ಒಂದೆರಡು ದಿನಗಳಲ್ಲೇ ಕರಗತೊಡಗುತ್ತದೆ. ರೋಗಿಗೆ ಹಗುರವೆನಿಸುತ್ತದೆ, ಬಯಾಪ್ಸಿಯಲ್ಲಿ ಮಾತ್ರ ಸತ್ತ ಕೋಶಗಳ ಚೂರುಗಳು ಸಿಗುತ್ತವೆ. ರೋಗಕ್ಕೆ ಹೆಸರಿಡಲಾಗದೆ ಮತ್ತೆ ವಾರಗಟ್ಟಲೆ ಕಾಯಬೇಕಾಗುತ್ತದೆ. ವಾಂತಿಗೆ ಬೇರೆ ಔಷಧಿ ಕೊಟ್ಟು, ಕ್ಷಯದ ಮಾತ್ರೆಗಳನ್ನು ನಿಲ್ಲಿಸಿ, ಅದೇ ದಿನ ಒಮೆಂಟಮ್‌ನಿಂದ ತುಂಡು ತೆಗೆಯಬೇಕೆಂದು ಹಟ ಹಿಡಿದೆವು.

ಅಂದು ಅಷ್ಟಮಿ. ಮರುದಿನ ಮೊಸರು ಕುಡಿಕೆ. ಬಯಾಪ್ಸಿಯನ್ನು ರಜೆ ಮುಗಿದ ಮೇಲೆ ಮಾಡಬಹುದಿತ್ತು, ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ ರೇಡಿಯಾಲಜಿಯ ವೈದ್ಯರು ಅಲ್ಟ್ರಾಸೌಂಡ್ ನೋಡುತ್ತಾ ಹೊಟ್ಟೆಯ ಗೋಡೆಯ ಮೂಲಕ ಸೂಜಿ ಇಳಿಸಿ, ಶ್ಯಾವಿಗೆ ಎಳೆಯಂಥ ಆರು ತುಂಡು ತೆಗೆದುಕೊಟ್ಟರು. ಒಂದು ಎಳೆಯನ್ನು ಗಾಜಿನ ಪಟ್ಟಿಯ ಮೇಲೆ ಮೆಲ್ಲಗೆ ಉರುಳಿಸಿ, ಅಂಟಿದ ಕೋಶಗಳಿಗೆ ಬೇಗ ಹಿಡಿಯುವ ಬಣ್ಣ ಹಾಕಿದ ಪೆಥಾಲಜಿಯ ಮೇಡಂ ಅರ್ಧ ಗಂಟೆಯಲ್ಲಿ ಫೋನ್ ಮಾಡಿ, “ಮೇಲೆ ಬಂದು ನೀವೇ ನೋಡಿ” ಎಂದರು.

ಸೂಕ್ಷ್ಮದರ್ಶಕದ ಕೆಳಗೆ ಸಾಸಿವೆ ಚೆಲ್ಲಿದಂತೆ ಒಂದೇ ಅಳತೆಯ ದುಂಡು ಕೋಶಗಳು. ಪ್ರತಿಯೊಂದರ ಅಂಚಿಗೂ ಶಾಯಿಯಂಥ ಕಡುನೀಲಿ. ಆ ನೀಲಿಯಲ್ಲಿ ನೀರುದೋಸೆಯ ತೂತುಗಳ ಹಾಗೆ ಚಿಕ್ಕ ಚಿಕ್ಕ ಬಿಳಿ ಗುಳ್ಳೆಗಳು. ನೋಡಿದ ಕಡೆಯಲ್ಲೆಲ್ಲ ಕೋಶಗಳು ಇಬ್ಭಾಗವಾಗುತ್ತಿದ್ದವು. ಎರಡು ದಿನ ಕಳೆದು ಬಂದ ಪೂರ್ಣ ಬಯಾಪ್ಸಿಯಲ್ಲಿ, ಈ ಕಡುಬಣ್ಣದ ಹಾಸಿನ ನಡುನಡುವೆ ಸತ್ತ ಕೋಶಗಳನ್ನು ನುಂಗಿದ ದೊಡ್ಡ ತಿಳಿಬಣ್ಣದ ಕೋಶಗಳು ಕಂಡವು. ‘ನಕ್ಷತ್ರಭರಿತ ಆಕಾಶ’ ಎಂದು ವೈದ್ಯಕೀಯ ವಿದ್ಯಾರ್ಥಿಗಳು ಓದುವುದು ಇದನ್ನೇ. ಕೋಶದ ಗುರುತು ಹಿಡಿಯಲು ನೋಡುವ ಪ್ರೋಟೀನುಗಳಲ್ಲಿ ಸಿ.ಡಿ.20, ಸಿ.ಡಿ.10, ಬಿ.ಸಿ.ಎಲ್.6 ಧನಾತ್ಮಕ, ಬಿ.ಸಿ.ಎಲ್.2 ಋಣಾತ್ಮಕ. ವಿಭಜನೆಯ ಹಾದಿಯಲ್ಲಿರುವ ಕೋಶಗಳನ್ನು ಎಣಿಸುವ ಕೆ.ಐ.-67 ಹೆಚ್ಚುಕಡಿಮೆ ಶೇ 100. ಕೋಶಗಳ ಬೆಳವಣಿಗೆಯನ್ನು ಓಡಿಸುವ ಮಿಕ್ ಜೀನ್ ತನ್ನ ಜಾಗ ಬಿಟ್ಟು ಇನ್ನೊಂದು ಕ್ರೋಮೋಸೋಮಿಗೆ ಹೊರಳಿರುವುದೂ ಖಚಿತವಾಯಿತು. ಬರ್ಕಿಟ್ ಲಿಂಫೋಮಾ.

ಈ ಹೆಸರು 1958ರಲ್ಲಿ ಉಗಾಂಡಾದ ಮಕ್ಕಳ ದವಡೆಯ ಗೆಡ್ಡೆಗಳನ್ನು ವರ್ಣಿಸಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅವರದು. ಅಂಥ ಗೆಡ್ಡೆಯ ಮಾದರಿಯಲ್ಲೇ 1964ರಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಮೊದಲು ಕಂಡದ್ದು. ಆಫ್ರಿಕಾದ ಹೊರಗೆ, ವಯಸ್ಕರಲ್ಲಿ, ಅದು ದವಡೆಗಿಂತ ಹೊಟ್ಟೆಯನ್ನೇ ಹೆಚ್ಚಾಗಿ ಹಿಡಿಯುತ್ತದೆ. ಮನುಷ್ಯನ ಗೆಡ್ಡೆಗಳಲ್ಲಿ ಅತಿ ವೇಗವಾಗಿ ಬೆಳೆಯುವವುಗಳಲ್ಲಿ ಇದೂ ಒಂದು, ಒಂದೆರಡು ದಿನಗಳಲ್ಲಿ ಇಮ್ಮಡಿಯಾಗಬಲ್ಲದು. ಲಾಡಿಯ ಸುಕ್ಕುಗಳ ನಡುವಿನ ಅಂತರಕ್ಕೆ ಕಾರಣ ಸಿಕ್ಕಿತ್ತು.

“ಅಮ್ಮನಿಗೆ ಕ್ಯಾನ್ಸರ್ ಎಂದು ಹೇಳಬೇಡಿ” ಎಂದು ಮಗಳು ಹೊರಗೆ ಕೈಮುಗಿದಳು. ರೋಗಿಯಿಂದ ಮುಚ್ಚಿಟ್ಟು ಮಾಡುವ ಚಿಕಿತ್ಸೆ ಇದಲ್ಲ ಎಂದು ಅವಳಿಗೆ ತಿಳಿಸಿ ಹೇಳಿ, ಇಬ್ಬರೂ ಸೇರಿ ಆಕೆಯ ಹಾಸಿಗೆಯ ಬಳಿ ಕುಳಿತೆವು. ಆಕೆ ಕೇಳಿದ ಮೊದಲ ಪ್ರಶ್ನೆ, “ಬೀಡಿ ಕಟ್ಟಿದ್ದರಿಂದ ಬಂತೇ?” ಹಾಗೆ ಹೇಳಲು ಆಧಾರವಿಲ್ಲ ಎಂದೆ. ಎಚ್.ಐ.ವಿ. ಪರೀಕ್ಷೆ ಯಾಕೆ ಮಾಡಿಸಿದಿರಿ ಎಂದು ಅಳಿಯ ಬೇಸರದಿಂದ ಕೇಳಿದರು. ಆ ಸೋಂಕಿದ್ದವರಲ್ಲಿ ಈ ಲಿಂಫೋಮಾ ಹೆಚ್ಚು, ಆದ್ದರಿಂದ ಯಾರಿಗೆ ಬಂದರೂ ನೋಡಲೇಬೇಕು, ಇದರಲ್ಲಿ ಅವಮಾನವೇನೂ ಇಲ್ಲ ಎಂದು ವಿವರಿಸಿದೆ. ವರದಿಯಲ್ಲಿ ಸೋಂಕಿರಲಿಲ್ಲ. ಈ ಲಿಂಫೋಮಾಕ್ಕೆ ಕೊಡುವ ರಿಟುಕ್ಸಿಮ್ಯಾಬ್ ಔಷಧಿಯಿಂದ ಅಡಗಿದ್ದ ಹೆಪಟೈಟಿಸ್ ಬಿ ಕೆರಳಬಹುದಾದ್ದರಿಂದ ಅದನ್ನೂ ನೋಡಿದೆವು, ಇರಲಿಲ್ಲ. ಮೂಳೆಮಜ್ಜೆಯೂ ಬೆನ್ನುಹುರಿಯ ದ್ರವವೂ ಶುದ್ಧವಾಗಿದ್ದವು. ಬಿ.ಪಿ.ಎಲ್. ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಕಾಗದಪತ್ರ ಹೊಂದಿಸಲು ಮಗಳು ಒಂದಿಡೀ ದಿನ ಓಡಾಡಿದಳು.

26ನೆಯ ದಿನ ಚಿಕಿತ್ಸೆ ಶುರು. ರಿಟುಕ್ಸಿಮ್ಯಾಬ್ ಜೊತೆಗೆ, ಮೂರು ಔಷಧಿಗಳನ್ನು 96 ಗಂಟೆ ಸತತವಾಗಿ ಹನಿಸುವ ಈಪಾಕ್ ಎಂಬ ಕ್ರಮ, ಮೂರು ವಾರಕ್ಕೊಮ್ಮೆ, ಆರು ಸುತ್ತು. ರೋಗ ಮೆದುಳಿಗೆ ಹಬ್ಬದಿರಲೆಂದು ಬೆನ್ನಿನ ಮೂಲಕ ಮೆಥೊಟ್ರೆಕ್ಸೇಟ್. ಇಲ್ಲಿ ಕ್ಷಯದ ಮಾತ್ರೆಗಳ ನೆರಳು ಮತ್ತೆ ಬಿತ್ತು. ಅವುಗಳಲ್ಲೊಂದಾದ ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಚುರುಕುಗೊಳಿಸಿ, ಈಪಾಕ್‌ನಲ್ಲಿರುವ ವಿಂಕ್ರಿಸ್ಟೀನ್‌ನಂಥ ಔಷಧಿಗಳನ್ನು ಬೇಗ ಒಡೆದುಹಾಕುತ್ತದೆ, ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವ ಇರುತ್ತದೆ. ‘ಹೇಗೂ ಕ್ಷಯದ ಮಾತ್ರೆ ಕೊಟ್ಟು ನೋಡೋಣ, ನಷ್ಟವೇನು’ ಎಂಬ ಮಾತನ್ನು ಕೇಳಿದಾಗ ನನಗೆ ಈಗ ಇದು ನೆನಪಾಗುತ್ತದೆ.

ನಾವು ಹೆದರಿದ್ದು ರೋಗಕ್ಕಿಂತ ಹೆಚ್ಚಾಗಿ ಔಷಧಿ ಚೆನ್ನಾಗಿ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ. ಕೋಟ್ಯಂತರ ಕೋಶಗಳು ಒಮ್ಮೆಲೇ ಒಡೆದಾಗ ಅವುಗಳೊಳಗಿನ ಪೊಟ್ಯಾಸಿಯಮ್, ಫಾಸ್ಫೇಟ್, ಯೂರಿಕ್ ಆಮ್ಲ ರಕ್ತಕ್ಕೆ ನುಗ್ಗಿ ಮೂತ್ರಪಿಂಡ, ಹೃದಯ ಎರಡನ್ನೂ ಕೆಡಿಸಬಲ್ಲವು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇಲ್ಲ ಎಂದು ಖಚಿತಪಡಿಸಿಕೊಂಡು ರ್‍ಯಾಸ್‌ಬುರಿಕೇಸ್ ಕೊಟ್ಟೆವು. ಯೂರಿಕ್ ಆಮ್ಲವನ್ನು ಕರಗಿಸಿಬಿಡುವ ಔಷಧಿ ಅದು. ತೆಗೆದ ರಕ್ತದ ನಳಿಕೆಯೊಳಗೂ ಅದು ಕೆಲಸ ಮುಂದುವರಿಸಿ ಸುಳ್ಳು ಅಂಕಿ ತೋರಿಸುವುದರಿಂದ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಒಯ್ಯಬೇಕು. ಆರು ಗಂಟೆಗೊಮ್ಮೆ ವಾರ್ಡಿನ ಹುಡುಗ ಸ್ಟೀಲಿನ ಬಟ್ಟಲಿನಲ್ಲಿ ಮಂಜುಗಡ್ಡೆ ತುಂಬಿ, ನಡುವೆ ನಳಿಕೆ ನೆಟ್ಟು, ಮೆಟ್ಟಿಲು ಇಳಿದು ಲ್ಯಾಬಿಗೆ ಓಡುತ್ತಿದ್ದ. 30 ಗಂಟೆಗಳಲ್ಲಿ ಪೊಟ್ಯಾಸಿಯಮ್ 5.9ಕ್ಕೆ, ಫಾಸ್ಫರಸ್ 8.4ಕ್ಕೆ ಏರಿತು, ಕ್ಯಾಲ್ಸಿಯಂ 7.1ಕ್ಕೆ ಇಳಿಯಿತು. ಮೂತ್ರ ಕಡಿಮೆಯಾಯಿತು. ಎರಡು ಸಲ ಡಯಾಲಿಸಿಸ್ ಬೇಕಾಯಿತು. ಗೆಡ್ಡೆ ಬೇಗ ಕರಗಿದರೆ ಕರುಳು ತೂತಾಗುವ ಅಪಾಯವೂ ಇದ್ದುದರಿಂದ ಸರ್ಜನ್ ದಿನಕ್ಕೆರಡು ಸಲ ಹೊಟ್ಟೆ ಮುಟ್ಟಿ ನೋಡಿ ಹೋಗುತ್ತಿದ್ದರು. ಚೌತಿಯ ಹಿಂದಿನ ದಿನ ಮೂತ್ರ ಸರಾಗವಾಯಿತು. ಆ ಹೊತ್ತಿಗೆ ಜೋಡಿಸಿದ್ದ ಸೀರೆಯಂಚಿನ ತುಂಡನ್ನು ಮಗಳು ಬಿಚ್ಚಿ ತೆಗೆದಿದ್ದಳು.

ಮುಂದಿನ ಸುತ್ತುಗಳು ಸುಲಭವಿರಲಿಲ್ಲ. ಮೂರನೆಯ ಸುತ್ತಿನ ಬಳಿಕ ಬಿಳಿರಕ್ತಕಣ ಕುಸಿದು ಜ್ವರ ಬಂದು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಮಕರ ಸಂಕ್ರಾಂತಿ ಕಳೆದ ಮೇಲೆ ಮಾಡಿದ ಪೆಟ್ ಸ್ಕ್ಯಾನ್‌ನಲ್ಲಿ ರೋಗ ಚುರುಕಾಗಿರುವ ಜಾಗ ಎಲ್ಲಿಯೂ ಕಾಣಲಿಲ್ಲ. ಅಂಡಾಶಯಗಳು ತಮ್ಮ ಸಹಜ ಗಾತ್ರಕ್ಕೆ ಮರಳಿದ್ದವು. ಅವಸರದ ಶಸ್ತ್ರಚಿಕಿತ್ಸೆಯಾಗಿದ್ದರೆ ಅವು ಕಾರಣವಿಲ್ಲದೆ ಹೋಗಿರುತ್ತಿದ್ದವು, ಗಾಯ ಮಾಯುವವರೆಗೆ ಕಿಮೊಥೆರಪಿಯೂ ತಡವಾಗಿರುತ್ತಿತ್ತು.

ಬರ್ಕಿಟ್ ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ. ಆದ್ದರಿಂದ ಆಕೆ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಕಳೆದ ಭೇಟಿಯಲ್ಲಿ ಎಲ್.ಡಿ.ಎಚ್. 190 ಇತ್ತು. ತಡ್ಪೆ ಮಡಿಲಲ್ಲಿ ಕೂರುತ್ತದೆಯೇ ಎಂದು ಕೇಳಿದೆ. ಕೂರುತ್ತದೆ, ಆದರೆ ವಿಂಕ್ರಿಸ್ಟೀನ್‌ನಿಂದ ಬೆರಳ ತುದಿಗಳು ಜೋಮು ಹಿಡಿದು ನೂಲಿನ ಎಳೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದರು. ಬೀಡಿ ಕಂಪನಿಯ ಬ್ರಾಂಚಿಗೆ ದಿನಕ್ಕೆ ಸಾವಿರ ಬೀಡಿ ಕೊಡುತ್ತಿದ್ದವರು ಈಗ ಮುನ್ನೂರು ಕಟ್ಟುತ್ತಾರೆ, ನೂಲು ಸುತ್ತುವಾಗ ಕಣ್ಣಿಟ್ಟು ನೋಡಿಕೊಂಡು. ಮುಂದಿನ ಭೇಟಿಗೆ ದಿನ ಬರೆಯುವಾಗ, “ಆಟಿ ಅಮಾವಾಸ್ಯೆಯ ಕಷಾಯ ಈ ಸಲ ಕುಡಿಯಬಹುದೇ ಡಾಕ್ಟರೇ?” ಎಂದು ಕೇಳಿದರು. ಲಿವರಿನ ಪರೀಕ್ಷೆ ನೋಡಿಕೊಂಡು ಹೇಳುತ್ತೇನೆ ಎಂದೆ.